ಸ್ಟೇನ್‌ಲೆಸ್ ಸ್ಟೀಲ್ ವೆಲ್ಡಿಂಗ್: ಕೆಲಸ ಸೊಟ್ಟಗಾಗದಂತೆ ನೋಡಿಕೊಳ್ಳುವುದು ಹೇಗೆ?

"ಎಂಎಸ್‌ನಲ್ಲಿ ಮಾಡಿದರೆ ನೆಟ್ಟಗೆ ಬರುತ್ತೆ, ಅದೇ ಕೆಲಸ ಎಸ್‌ಎಸ್‌ನಲ್ಲಿ ಮಾಡಿದರೆ ಸೊಟ್ಟಗಾಗುತ್ತೆ, ಯಾಕೆ?" ಈ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಎಂಎಸ್ ಅಂದರೆ ಸಾಮಾನ್ಯ ಮೈಲ್ಡ್ ಸ್ಟೀಲ್, ಎಸ್‌ಎಸ್ ಅಂದರೆ ಸ್ಟೇನ್‌ಲೆಸ್ ಸ್ಟೀಲ್. ಒಬ್ಬರಿಗೆ ಶೀಟು ಉಬ್ಬಿರುತ್ತದೆ, ಇನ್ನೊಬ್ಬರಿಗೆ ಫ್ರೇಮ್ ತಿರುಚಿಕೊಂಡಿರುತ್ತದೆ, ಮತ್ತೊಬ್ಬರಿಗೆ ಪೈಪು ಬಾಗಿರುತ್ತದೆ. ಮೂಲ ಕಾರಣ ಒಂದೇ ಆದ್ದರಿಂದ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕಾರಣ ಎರಡು ಅಂಕಿಗಳಲ್ಲಿದೆ. 304 ಗ್ರೇಡಿನ ಎಸ್‌ಎಸ್‌ನ ಒಂದು ಮೀಟರ್ ಉದ್ದದ ಪಟ್ಟಿಯನ್ನು 100 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಿದರೆ ಅದು ಸುಮಾರು 1.7 ಮಿಮೀ ಹಿಗ್ಗುತ್ತದೆ. ಎಂಎಸ್ ಹಿಗ್ಗುವುದು 1.2 ಮಿಮೀ ಮಾತ್ರ. ಇದು ಮೊದಲನೆಯದು. ಎರಡನೆಯದು, ಶಾಖ ಹರಿಯುವ ವೇಗ. ಎಸ್‌ಎಸ್‌ನಲ್ಲಿ ಶಾಖ ಎಂಎಸ್‌ನ ಮೂರನೇ ಒಂದು ಭಾಗದಷ್ಟು ಮಾತ್ರ ಸುಲಭವಾಗಿ ಹರಿಯುತ್ತದೆ. ಹಾಗಾಗಿ ಆರ್ಕ್, ಅಂದರೆ ಲೋಹ ಕರಗಿಸುವ ವಿದ್ಯುತ್ ಕಿಡಿ, ಕೊಟ್ಟ ಬಿಸಿಯೆಲ್ಲ ಬೆಸುಗೆಯ ಅಕ್ಕಪಕ್ಕದಲ್ಲೇ ನಿಂತುಬಿಡುತ್ತದೆ. ಆ ಸಣ್ಣ ಜಾಗ ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆಯ ಲೋಹ ಬಿಡುವುದಿಲ್ಲ. ಬಿಸಿಯಲ್ಲಿ ಮೆತ್ತಗಾದ ಲೋಹ ಅಲ್ಲೇ ಒತ್ತಿಕೊಂಡು ದಪ್ಪವಾಗುತ್ತದೆ. ತಣಿದಾಗ ಅದು ಮೊದಲಿಗಿಂತ ಗಿಡ್ಡ. ಗಿಡ್ಡವಾದ ಆ ಪಟ್ಟಿ ಉಳಿದದ್ದನ್ನೆಲ್ಲ ತನ್ನ ಕಡೆಗೆ ಎಳೆಯುತ್ತದೆ.

ಅಂದರೆ ಕೆಲಸ ಸೊಟ್ಟಗಾಗುವುದು ಬಿಸಿಯಿರುವಾಗ ಅಲ್ಲ, ತಣಿಯುವಾಗ. ಈ ಮಾತು ಕೆಳಗಿನ ಎಲ್ಲ ಹಂತಗಳಲ್ಲೂ ಉಪಯೋಗಕ್ಕೆ ಬರುತ್ತದೆ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ: ಅರ್ಧಕ್ಕಿಂತ ಜಾಸ್ತಿ ಕೆಲಸ ಆರ್ಕ್ ಹೊತ್ತಿಸುವ ಮೊದಲೇ ಮುಗಿದಿರಬೇಕು. ಮೆಷಿನ್ ಸೆಟ್ಟಿಂಗ್ ಎಷ್ಟೇ ಚೆನ್ನಾಗಿದ್ದರೂ, ಸಂದು ಬಿಟ್ಟ ಜೋಡಣೆಯನ್ನು ಅದು ಕಾಪಾಡುವುದಿಲ್ಲ.

ಏನೇನು ಬೇಕು?

ಟಿಗ್ ಮೆಷಿನ್ (ಟಂಗ್ಸ್ಟನ್ ಕಡ್ಡಿಯಿಂದ ಆರ್ಕ್ ಹೊತ್ತಿಸಿ, ಆರ್ಗಾನ್ ಗ್ಯಾಸಿನ ರಕ್ಷಣೆಯಲ್ಲಿ ಬೆಸೆಯುವುದು) ಇದ್ದರೆ ಒಳ್ಳೆಯದು, ಪಲ್ಸ್ ಸೌಲಭ್ಯ (ಹಂತ 6ರಲ್ಲಿ ಹೇಳಿದ್ದೇನೆ) ಇದ್ದರೆ ಇನ್ನೂ ಒಳ್ಳೆಯದು. ಶುದ್ಧ ಆರ್ಗಾನ್ ಗ್ಯಾಸ್. ಗ್ರೇಡಿಗೆ ಹೊಂದುವ ಫಿಲ್ಲರ್ ರಾಡ್, ಅಂದರೆ ಕರಗಿಸಿ ಜೋಡಣೆಗೆ ತುಂಬುವ ಕಡ್ಡಿ: 304ಕ್ಕೆ 308ಎಲ್, 316ಕ್ಕೆ 316ಎಲ್, ಎಸ್‌ಎಸ್ ಅನ್ನು ಎಂಎಸ್‌ಗೆ ಕೂಡಿಸುವುದಾದರೆ 309ಎಲ್. ನಿಮಗೆ ಸಾಕು ಅನ್ನಿಸುವುದಕ್ಕಿಂತ ಜಾಸ್ತಿ ಕ್ಲ್ಯಾಂಪ್‌ಗಳು. ದಪ್ಪನೆಯ ತಾಮ್ರ ಅಥವಾ ಅಲ್ಯೂಮಿನಿಯಂ ಪಟ್ಟಿ. ಮಟ್ಟಸವಾದ ಟೇಬಲ್, ಉದ್ದನೆಯ ಸ್ಕೇಲ್, ಮೂಲೆಮಟ್ಟ, ಟೇಪು. ಎಸ್‌ಎಸ್‌ಗೆ ಮಾತ್ರ ಬಳಸುವ ಎಸ್‌ಎಸ್ ತಂತಿ ಬ್ರಷ್. ಅಸಿಟೋನ್.

ಒಂದು ಎಚ್ಚರಿಕೆ. ಎಣ್ಣೆ ತೆಗೆಯಲು ಕ್ಲೋರಿನ್ ಇರುವ ಕ್ಲೀನರ್ ಬಳಸಲೇಬೇಡಿ. ಕೆಲವು ಬ್ರೇಕ್ ಕ್ಲೀನರ್‌ಗಳಲ್ಲಿ ಅದು ಇರುತ್ತದೆ. ಆರ್ಕ್‌ನ ಶಾಖ ಮತ್ತು ಬೆಳಕು ತಾಗಿದರೆ ಅದರಿಂದ ಫಾಸ್ಜೀನ್ ಎಂಬ ವಿಷಗಾಳಿ ಹುಟ್ಟುತ್ತದೆ. ಡಬ್ಬಿಯ ಮೇಲಿನ ಚೀಟಿ ಓದಿ. ಅಸಿಟೋನ್ ಬೇಗ ಬೆಂಕಿ ಹತ್ತುವ ವಸ್ತು, ಪೂರ್ತಿ ಆರಿದ ಮೇಲೆಯೇ ವೆಲ್ಡ್ ಶುರು ಮಾಡಿ. ಎಸ್‌ಎಸ್ ಹೊಗೆಯಲ್ಲಿ ಕ್ಯಾನ್ಸರ್ ತರಬಲ್ಲ ಕ್ರೋಮಿಯಂ ಇರುತ್ತದೆ. ಗಾಳಿ ಆಡುವ ಜಾಗ, ಹೊಗೆ ಎಳೆಯುವ ವ್ಯವಸ್ಥೆ, ಸರಿಯಾದ ಮಾಸ್ಕ್ ಇಲ್ಲದೆ ಕೂರಬೇಡಿ.

ಹಂತ 1: ಗ್ರೇಡ್ ಯಾವುದು ಅಂತ ತಿಳಿದುಕೊಳ್ಳಿ

ಎಲ್ಲ ಸ್ಟೇನ್‌ಲೆಸ್ ಒಂದೇ ತರ ಹಿಗ್ಗುವುದಿಲ್ಲ. 304, 316 ಗ್ರೇಡ್‌ಗಳನ್ನು ಆಸ್ಟೆನಿಟಿಕ್ ಅನ್ನುತ್ತಾರೆ. ಇವುಗಳಲ್ಲಿ ನಿಕ್ಕಲ್ ಇರುತ್ತದೆ, ಅಯಸ್ಕಾಂತ ಹಿಡಿಯುವುದಿಲ್ಲ. ಸೊಟ್ಟಗಾಗುವ ಕಾಟ ಜಾಸ್ತಿ ಇರುವುದು ಇವುಗಳಲ್ಲೇ. 409, 430 ಫೆರಿಟಿಕ್ ಗುಂಪಿನವು, ಅಯಸ್ಕಾಂತಕ್ಕೆ ಅಂಟುತ್ತವೆ, ಹಿಗ್ಗುವುದು ಎಂಎಸ್‌ಗಿಂತ ಹೆಚ್ಚೇನಲ್ಲ. ಡುಪ್ಲೆಕ್ಸ್ ಎಂಬ ಇನ್ನೊಂದು ಗುಂಪು ಹಿಗ್ಗುವುದರಲ್ಲಿ ಇವೆರಡರ ನಡುವೆ. ಒಂದು ಅಯಸ್ಕಾಂತ ಇಟ್ಟು ನೋಡಿದರೆ ಅಂದಾಜು ಸಿಗುತ್ತದೆ. ಆದರೆ ಬಗ್ಗಿಸಿದ, ಕತ್ತರಿಸಿದ ಅಂಚುಗಳಲ್ಲಿ 304 ಕೂಡ ಸ್ವಲ್ಪ ಹಿಡಿಯುತ್ತದೆ, ಆದ್ದರಿಂದ ಹಾಳೆಯ ನಡುವೆ ಇಟ್ಟು ನೋಡಿ. ಮುಂದೆ ಹೇಳುವುದೆಲ್ಲ 304, 316ಕ್ಕೆ.

ಹಂತ 2: ಬೆಸುಗೆಯನ್ನೇ ಕಡಿಮೆ ಮಾಡಿ

ಈ ಹಂತವನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ಎಷ್ಟು ಲೋಹ ಕರಗಿಸುತ್ತೀರೋ ಅಷ್ಟು ಎಳೆತ. ಹಾಗಾಗಿ ಮೊದಲ ಪ್ರಶ್ನೆ, ಇಲ್ಲಿ ಇಷ್ಟು ಬೆಸುಗೆ ನಿಜಕ್ಕೂ ಬೇಕಾ?

ಫಿಲೆಟ್ ಜಾಯಿಂಟ್ ತೆಗೆದುಕೊಳ್ಳಿ. ಅಂದರೆ ಎರಡು ತುಂಡು ಮೂಲೆ ಮಾಡಿ ಕೂತಿರುವ ಕಡೆ ತ್ರಿಕೋನವಾಗಿ ತುಂಬುವ ಬೆಸುಗೆ. ಆ ತ್ರಿಕೋನದ ಒಂದು ಬದಿಗೆ 'ಕಾಲು' ಅನ್ನೋಣ. ಕಾಲು 4 ಮಿಮೀ ಇದ್ದರೆ ತುಂಬುವ ಜಾಗ 8 ಚದರ ಮಿಮೀ. 'ಗಟ್ಟಿ ಇರಲಿ' ಅಂತ 6 ಮಿಮೀ ಮಾಡಿದರೆ 18 ಚದರ ಮಿಮೀ. ಕಾಲು ಬೆಳೆದದ್ದು ಒಂದೂವರೆ ಪಟ್ಟು, ಲೋಹ ಎರಡೂಕಾಲು ಪಟ್ಟು. ಶಾಖವೂ ಅದೇ ಲೆಕ್ಕದಲ್ಲಿ ಏರುತ್ತದೆ. ತೆಳು ಶೀಟಿಗೆ ದಪ್ಪ ಬೆಸುಗೆ ಹಾಕಿದರೆ ಬಲವೂ ಹೆಚ್ಚುವುದಿಲ್ಲ, ಮುರಿಯುವುದಾದರೆ ಪಕ್ಕದ ಶೀಟೇ ಮುರಿಯುತ್ತದೆ. ಡ್ರಾಯಿಂಗ್‌ನಲ್ಲಿ ಅಳತೆ ಕೊಟ್ಟಿದ್ದರೆ ಅಷ್ಟೇ ಹಾಕಿ, ಮೀರಬೇಡಿ.

ಸೋರಬಾರದ, ಕೊಳೆ ಕೂರಬಾರದ ಜಾಗ ಅಲ್ಲದಿದ್ದರೆ ಉದ್ದಕ್ಕೂ ಎಳೆಯದೆ ಬಿಟ್ಟು ಬಿಟ್ಟು ಹಾಕಬಹುದು. ದಪ್ಪ ಪ್ಲೇಟಾದರೆ ಒಂದೇ ಕಡೆಯಿಂದ ವಿ ಆಕಾರ ಕೊರೆಯುವ ಬದಲು ಎರಡೂ ಕಡೆಯಿಂದ ಸಣ್ಣ ವಿ ಕೊರೆಯಿರಿ. ಲೋಹವೂ ಕಡಿಮೆ ಸಾಕು, ಆ ಕಡೆ ಈ ಕಡೆ ಎಳೆತವೂ ಸರಿದೂಗುತ್ತದೆ. ಅಂಚನ್ನು ಮಡಚಿ ಮಾಡಬಹುದಾದ ಮೂಲೆಯನ್ನು ಸುಮ್ನೆ ಎರಡು ತುಂಡು ಮಾಡಿ ವೆಲ್ಡ್ ಮಾಡಬೇಡಿ.

ಹಂತ 3: ಸಂದು ಇಲ್ಲದಂತೆ ಕೂರಿಸಿ

ತೆಳು ಶೀಟಿನಲ್ಲಿ ಎರಡು ಅಂಚುಗಳ ನಡುವೆ ಬೆಳಕು ಕಾಣಬಾರದು. ಸಂದು ಇದ್ದ ಕಡೆ ಫಿಲ್ಲರ್ ಜಾಸ್ತಿ ಹೋಗುತ್ತದೆ, ಕೈ ನಿಧಾನವಾಗುತ್ತದೆ, ಶಾಖ ಏರುತ್ತದೆ. ಸರಿಯಾಗಿ ಕೂತ 1 ಮಿಮೀ ಶೀಟನ್ನು ಫಿಲ್ಲರ್ ಇಲ್ಲದೆಯೇ ಕರಗಿಸಿ ಕೂಡಿಸಬಹುದು, ಸಂದು ಬಿಟ್ಟದ್ದನ್ನು ಆಗುವುದಿಲ್ಲ. ಕತ್ತರಿಸಿದ ಅಂಚಿನಲ್ಲಿ ಎದ್ದು ನಿಂತ ಚೂಪು ಚೂರುಗಳನ್ನು (ಬರ್) ತೆಗೆಯಿರಿ. ಅಸಿಟೋನ್‌ನಲ್ಲಿ ಎರಡೂ ಬದಿ ಒರೆಸಿ, ಹಿಂಬದಿಯನ್ನು ಮರೆಯಬೇಡಿ. ಎಂಎಸ್ ಉಜ್ಜಿದ ಗ್ರೈಂಡಿಂಗ್ ಡಿಸ್ಕ್ ಮತ್ತು ಬ್ರಷ್ ಹತ್ತಿರಕ್ಕೂ ತರಬೇಡಿ. ಕಬ್ಬಿಣದ ಕಣ ಅಂಟಿಕೊಂಡರೆ ಮುಂದೆ ಅಲ್ಲೇ ತುಕ್ಕು ಕಾಣುತ್ತದೆ.

ಹಂತ 4: ಹಿಡಿದಿಡಿ, ಜೊತೆಗೆ ಶಾಖ ಎಳೆದುಬಿಡಿ

ಕ್ಲ್ಯಾಂಪ್ ಮತ್ತು ಜಿಗ್ (ತುಂಡುಗಳನ್ನು ಜಾಗದಲ್ಲಿ ಕೂರಿಸಿ ಹಿಡಿಯುವ ಚೌಕಟ್ಟು) ಕೆಲಸವನ್ನು ಅಲುಗದಂತೆ ಹಿಡಿಯುತ್ತವೆ. ಆದರೆ ಹಿಡಿದ ಮಾತ್ರಕ್ಕೆ ಎಳೆತ ಮಾಯವಾಗುವುದಿಲ್ಲ, ಲೋಹದ ಒಳಗೇ ಉಳಿದಿರುತ್ತದೆ. ಬಿಚ್ಚಿದ ಕೂಡಲೇ ಸ್ವಲ್ಪ ಹಿಂದಕ್ಕೆ ಚಿಮ್ಮುವುದು ಅದಕ್ಕೇ. ಆದ್ದರಿಂದ ಹಿಡಿಯುವುದರ ಜೊತೆಗೆ ಶಾಖವನ್ನೂ ಹೊರಗೆ ಎಳೆಯಬೇಕು.

ಅದಕ್ಕೆ ತಾಮ್ರದ ಪಟ್ಟಿ. ಜೋಡಣೆಯ ಕೆಳಗೆ ಒಂದು ಪಟ್ಟಿ, ಮೇಲೆ ಬೆಸುಗೆಯ ಎರಡೂ ಬದಿಗೆ ಆದಷ್ಟು ಹತ್ತಿರವಾಗಿ ಒಂದೊಂದು ಪಟ್ಟಿ ಇಟ್ಟು ಬಿಗಿಯಿರಿ. ಪಟ್ಟಿ ಶೀಟಿಗೆ ಪೂರ್ತಿ ತಾಗಿರಬೇಕು. ನಡುವೆ ಗಾಳಿ ಇದ್ದರೆ ಅಲ್ಲಿ ಶಾಖ ದಾಟುವುದಿಲ್ಲ, ಪಟ್ಟಿ ಇಟ್ಟೂ ಪ್ರಯೋಜನ ಇಲ್ಲ. ಕೆಳಗಿನ ಪಟ್ಟಿಯಲ್ಲಿ ಬೆಸುಗೆಯ ನೇರಕ್ಕೆ ಒಂದು ಸಣ್ಣ ತೋಡು ಕೊರೆದು ಅದರೊಳಗೆ ಆರ್ಗಾನ್ ಹರಿಸಿದರೆ ಹಿಂಬದಿ ಕರಿದಾಗಿ ಹರಳುಗಟ್ಟುವುದೂ ತಪ್ಪುತ್ತದೆ. ಇದನ್ನು ಬ್ಯಾಕ್ ಪರ್ಜ್ ಅನ್ನುತ್ತಾರೆ. ಗಾಳಿ ಓಡದ ಇಕ್ಕಟ್ಟಾದ ಜಾಗದಲ್ಲಿ ಆರ್ಗಾನ್ ತುಂಬಿಕೊಂಡರೆ ಉಸಿರಾಟಕ್ಕೆ ಆಮ್ಲಜನಕ ಸಿಗುವುದಿಲ್ಲ, ಆರ್ಗಾನ್‌ಗೆ ವಾಸನೆಯೂ ಇಲ್ಲ. ಟ್ಯಾಂಕ್ ಒಳಗೆ ಇಳಿದು ಕೆಲಸ ಮಾಡುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಇನ್ನೊಂದು ತಪ್ಪು: ಆರ್ಕ್ ತಾಮ್ರಕ್ಕೆ ತಾಗುವುದು. ತಾಮ್ರ ಕರಗಿ ಬೆಸುಗೆಗೆ ಸೇರಿದರೆ ಎಸ್‌ಎಸ್ ಬಿರುಕು ಬಿಡುತ್ತದೆ. ಆರ್ಕ್ ಅನ್ನು ಯಾವಾಗಲೂ ಎಸ್‌ಎಸ್ ಮೇಲೆಯೇ ಹೊತ್ತಿಸಿ.

ಒಂದೇ ತರದ ಎರಡು ತುಂಡು ಮಾಡಬೇಕಿದ್ದರೆ ಬೆನ್ನಿಗೆ ಬೆನ್ನು ಕೊಟ್ಟು ಕ್ಲ್ಯಾಂಪ್ ಮಾಡಿ ಎರಡನ್ನೂ ಜೊತೆಗೆ ವೆಲ್ಡ್ ಮಾಡಿ. ಒಂದರ ಎಳೆತ ಇನ್ನೊಂದನ್ನು ತಡೆಯುತ್ತದೆ. ಹಾಗೆ ಹಿಡಿಯಲು ಆಗದ ಕಡೆ, ಮೊದಲೇ ಎದುರು ದಿಕ್ಕಿಗೆ ಬಾಗಿಸಿಟ್ಟು ವೆಲ್ಡ್ ಮಾಡುವ ಉಪಾಯ ಇದೆ. ಎಷ್ಟು ಬಾಗಿಸಬೇಕು? ಅದೇ ದಪ್ಪ, ಅದೇ ಜಾಯಿಂಟಿನ ಒಂದು ಗೇಣು ತುಂಡನ್ನು ಹಿಡಿಯದೆ ವೆಲ್ಡ್ ಮಾಡಿ, ತಣಿದ ಮೇಲೆ ಎಷ್ಟು ಡಿಗ್ರಿ ಎದ್ದಿದೆ ಅಂತ ಅಳೆಯಿರಿ. ಅಷ್ಟನ್ನೇ ಎದುರು ದಿಕ್ಕಿಗೆ ಕೊಡಿ. ಕೋಷ್ಟಕ ನೋಡಿ ಊಹಿಸುವುದಕ್ಕಿಂತ ಇದು ಎಷ್ಟೋ ನಂಬಿಕೆಯ ದಾರಿ.

ಹಂತ 5: ಟ್ಯಾಕ್ ಹಾಕುವುದು

ಟ್ಯಾಕ್ ಅಂದರೆ ಪೂರ್ತಿ ಬೆಸುಗೆಗೆ ಮೊದಲು ತುಂಡುಗಳನ್ನು ಜಾಗದಲ್ಲಿ ನಿಲ್ಲಿಸುವ ಸಣ್ಣ ಚುಕ್ಕಿ ಬೆಸುಗೆ. ಎಂಎಸ್ ಅಭ್ಯಾಸದಲ್ಲಿ ಇಲ್ಲಿಗೆ ಬಂದವರು ದೂರ ದೂರ ಹಾಕಿ ಸೋಲುತ್ತಾರೆ. ಎಸ್‌ಎಸ್‌ನಲ್ಲಿ ಹತ್ತಿರ ಹತ್ತಿರ ಬೇಕು. 1ರಿಂದ 1.5 ಮಿಮೀ ಶೀಟಿಗೆ 30ರಿಂದ 60 ಮಿಮೀಗೆ ಒಂದು. 2ರಿಂದ 3 ಮಿಮೀಗೆ 70ರಿಂದ 120 ಮಿಮೀ ಅಂತರ. 6 ಮಿಮೀ ದಾಟಿದ ಪ್ಲೇಟಿಗೆ 150ರಿಂದ 200 ಮಿಮೀ.

ಅಂತರದಷ್ಟೇ ಮುಖ್ಯ ಹಾಕುವ ಕ್ರಮ. ಒಂದು ತುದಿಯಿಂದ ಶುರು ಮಾಡಿ ಸಾಲಾಗಿ ಹಾಕುತ್ತಾ ಹೋದರೆ ಪ್ರತಿ ಟ್ಯಾಕ್ ಮುಂದಿನ ಅಂಚುಗಳನ್ನು ಒಂದರ ಕಡೆಗೆ ಒಂದು ಎಳೆಯುತ್ತದೆ. ಇನ್ನೊಂದು ತುದಿ ಬರುವಷ್ಟರಲ್ಲಿ ಶೀಟುಗಳು ಒಂದರ ಮೇಲೊಂದು ಹತ್ತಿರುತ್ತವೆ. ಹೀಗೆ ಮಾಡಿ:

ಮೊದಲು ಎರಡು ತುದಿ. ನಂತರ ನಡುಮಧ್ಯ. ನಂತರ ಸಿಕ್ಕ ಎರಡು ಅರ್ಧಗಳ ಮಧ್ಯ. ಮತ್ತೆ ಆ ಕಾಲುಭಾಗಗಳ ಮಧ್ಯ. ಬೇಕಾದ ಅಂತರ ಬರುವ ತನಕ ಹೀಗೇ ಅರ್ಧ ಮಾಡುತ್ತಾ ಹೋಗಿ.

ಪ್ರತಿ ಸುತ್ತು ಮುಗಿದಾಗ ಸ್ಕೇಲ್ ಇಟ್ಟು ನೋಡಿ. ಅಂಚು ಮೇಲೆ ಕೆಳಗೆ ಆಗಿದ್ದರೆ ಈಗಲೇ ತಟ್ಟಿ ಸರಿ ಮಾಡಿ ಅಥವಾ ಆ ಟ್ಯಾಕ್ ಕತ್ತರಿಸಿ. ಟ್ಯಾಕ್ ಆದಷ್ಟು ಚಿಕ್ಕದಾಗಿರಲಿ, ಆದರೆ ಬೇರು ಹಿಡಿದಿರಲಿ. ಬಿರುಕು ಬಿಟ್ಟ ಟ್ಯಾಕ್ ಮೇಲೆ ಹಾಗೇ ವೆಲ್ಡ್ ಎಳೆಯಬೇಡಿ, ಉಜ್ಜಿ ತೆಗೆದು ಹೊಸದಾಗಿ ಹಾಕಿ. ಹಿಂಬದಿಗೆ ಆರ್ಗಾನ್ ಕೊಡುವ ಕೆಲಸವಾದರೆ ಟ್ಯಾಕ್ ಹಾಕುವಾಗಲೂ ಕೊಡಬೇಕು.

ಹಂತ 6: ಮೆಷಿನ್ ಸೆಟ್ಟಿಂಗ್

"ಆಂಪಿಯರ್ ಕಡಿಮೆ ಇಟ್ಟರೆ ಶಾಖ ಕಡಿಮೆ, ಅಲ್ವಾ?" ಪೂರ್ತಿ ಅಲ್ಲ. ಮುಖ್ಯವಾಗುವುದು ಪ್ರತಿ ಮಿಮೀ ಉದ್ದಕ್ಕೆ ಎಷ್ಟು ಶಾಖ ಕೊಟ್ಟಿರಿ ಅನ್ನುವುದು. ಅದನ್ನು ಹೀಟ್ ಇನ್‌ಪುಟ್ ಅನ್ನುತ್ತಾರೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿ, 60ರಿಂದ ಗುಣಿಸಿ, ನಿಮಿಷಕ್ಕೆ ಎಷ್ಟು ಮಿಮೀ ಸಾಗಿದಿರಿ ಅನ್ನುವುದರಿಂದ ಭಾಗಿಸಿ. 11 ವೋಲ್ಟ್, 60 ಆಂಪಿಯರ್, ನಿಮಿಷಕ್ಕೆ 100 ಮಿಮೀ ವೇಗ ಇದ್ದರೆ ಪ್ರತಿ ಮಿಮೀಗೆ 396 ಜೂಲ್. ಅದೇ 70 ಆಂಪಿಯರ್ ಇಟ್ಟು ನಿಮಿಷಕ್ಕೆ 150 ಮಿಮೀ ಸಾಗಿದರೆ 308 ಜೂಲ್. ಕರೆಂಟ್ ಹೆಚ್ಚಾಯಿತು, ಶಾಖ ಕಡಿಮೆಯಾಯಿತು! ಕಡಿಮೆ ಕರೆಂಟಿನಲ್ಲಿ ಲೋಹ ಕರಗಲಿ ಅಂತ ಕಾಯುತ್ತಾ ಕೂತರೆ ಅಷ್ಟು ಹೊತ್ತೂ ಶಾಖ ಸುತ್ತಲೂ ಹರಡುತ್ತಿರುತ್ತದೆ.

ಟಿಗ್‌ಗೆ ಶುರುವಿನ ಅಂದಾಜು: 1 ಮಿಮೀ ಶೀಟಿಗೆ 25ರಿಂದ 40 ಆಂಪಿಯರ್, 1.5 ಮಿಮೀಗೆ 45ರಿಂದ 65, 2 ಮಿಮೀಗೆ 60ರಿಂದ 85. ಟಾರ್ಚ್ ನೆಗೆಟಿವ್‌ಗೆ. ಟಂಗ್ಸ್ಟನ್ ತುದಿ ಚೂಪಾಗಿರಲಿ, ಆರ್ಕ್ ಉದ್ದ 1ರಿಂದ 1.5 ಮಿಮೀ ಮೀರದಿರಲಿ. ಆರ್ಕ್ ಉದ್ದವಾದರೆ ವೋಲ್ಟೇಜ್ ಏರುತ್ತದೆ, ಬಿಸಿಯ ಜಾಗ ಅಗಲವಾಗುತ್ತದೆ. ಫಿಲ್ಲರ್ ರಾಡ್ ಶೀಟಿನ ದಪ್ಪಕ್ಕೆ ಹತ್ತಿರವಿರಲಿ. 1 ಮಿಮೀ ಶೀಟಿಗೆ 2.4 ಮಿಮೀ ರಾಡ್ ಹಾಕಿದರೆ, ಆ ರಾಡ್ ಕರಗಿಸಲೆಂದೇ ಜಾಸ್ತಿ ಶಾಖ ಕೊಡಬೇಕಾಗುತ್ತದೆ. ಟಾರ್ಚನ್ನು ಅಡ್ಡಡ್ಡ ಆಡಿಸಬೇಡಿ, ನೇರ ಗೆರೆ ಎಳೆಯಿರಿ.

ಪಲ್ಸ್ ಅಂದರೆ ಕರೆಂಟ್ ಒಂದು ಕ್ಷಣ ಏರಿ, ಮರುಕ್ಷಣ ಇಳಿಯುವುದು. ಏರಿದಾಗ ಲೋಹ ಕರಗುತ್ತದೆ, ಇಳಿದಾಗ ತುಸು ತಣಿಯುತ್ತದೆ. ಇಳಿದಾಗಿನ ಕರೆಂಟ್ ಏರಿದ್ದರ ಮೂರನೇ ಒಂದು ಭಾಗದಷ್ಟಿರಲಿ, ಏರಿದ ಸಮಯ 30ರಿಂದ 40 ಶೇಕಡಾ ಇರಲಿ. ಅಲ್ಲಿಂದ ನಿಮ್ಮ ಕೈಗೆ ಹೊಂದಿಸಿಕೊಳ್ಳಿ.

ಬಣ್ಣ ನೋಡಿದರೆ ಒಂದು ಸುಳಿವು ಸಿಗುತ್ತದೆ. ತಿಳಿ ಹಳದಿ, ಚಿನ್ನದ ಬಣ್ಣ ಒಳ್ಳೆಯದು. ನೀಲಿ, ನೇರಳೆ ಬಂದರೆ ಶಾಖ ಜಾಸ್ತಿ ಅಥವಾ ಗ್ಯಾಸ್ ಕಡಿಮೆ. ಬೂದು ಬಂದರೆ ನಿಲ್ಲಿಸಿ, ಕಾರಣ ಹುಡುಕಿ.

ಹಂತ 7: ಯಾವ ಕ್ರಮದಲ್ಲಿ ಎಳೆಯಬೇಕು

ಉದ್ದನೆಯ ಬೆಸುಗೆಗೆ ಬ್ಯಾಕ್‌ಸ್ಟೆಪ್ ವಿಧಾನ ಕಲಿಯಿರಿ. ಒಟ್ಟು ಕೆಲಸ ಎಡದಿಂದ ಬಲಕ್ಕೆ ಸಾಗುತ್ತದೆ, ಆದರೆ ಒಂದೊಂದು ತುಂಡನ್ನೂ ಬಲದಿಂದ ಎಡಕ್ಕೆ ಎಳೆಯುತ್ತೀರಿ. ಉದಾಹರಣೆಗೆ ಎಡ ತುದಿಯಿಂದ 60 ಮಿಮೀ ದೂರದಲ್ಲಿ ಶುರು ಮಾಡಿ ತುದಿಗೆ ಬನ್ನಿ. ಆಮೇಲೆ 120 ಮಿಮೀನಲ್ಲಿ ಶುರು ಮಾಡಿ 60ಕ್ಕೆ ಬನ್ನಿ. ಪ್ರತಿ ತುಂಡೂ ಈಗಾಗಲೇ ಗಟ್ಟಿಯಾಗಿ ಹಿಡಿದಿರುವ ಬೆಸುಗೆಯ ಕಡೆಗೇ ಹೋಗುವುದರಿಂದ ಮುಂದಿನ ಅಂಚುಗಳು ತೆರೆದುಕೊಳ್ಳುವುದು, ಹತ್ತುವುದು ಕಡಿಮೆ. ಇನ್ನೂ ತೆಳುವಾಗಿದ್ದರೆ ಜಾಗ ಬಿಟ್ಟು ಬಿಟ್ಟು ಹಾರಿ ಹಾಕಿ: ಒಂದು ಇಲ್ಲಿ, ಒಂದು ಆ ತುದಿಯಲ್ಲಿ, ಒಂದು ನಡುವೆ.

ಇದಕ್ಕೊಂದು ಕೊರತೆ ಇದೆ. ಶುರು-ನಿಲುಗಡೆಗಳು ಜಾಸ್ತಿಯಾಗುತ್ತವೆ, ಬೆಸುಗೆ ಒಂದೇ ಸಮ ಕಾಣುವುದಿಲ್ಲ. ಕಣ್ಣಿಗೆ ಬೀಳುವ ಜಾಗದಲ್ಲಿ, ತಾಮ್ರದ ಪಟ್ಟಿ ಚೆನ್ನಾಗಿ ಕೂತಿದ್ದು ಟ್ಯಾಕ್ ಒತ್ತೊತ್ತಾಗಿದ್ದರೆ, ಒಂದೇ ಓಟದಲ್ಲಿ ಬೇಗ ಎಳೆಯುವುದೇ ಮೇಲು ಅಂತ ನನ್ನ ಅನಿಸಿಕೆ.

ಸ್ಕ್ವೇರ್ ಟ್ಯೂಬ್ ಫ್ರೇಮ್ ಮಾಡುವವರಿಗೆ: ನಾಲ್ಕೂ ಮೂಲೆ ಟ್ಯಾಕ್ ಹಾಕಿ, ಕರ್ಣಗಳನ್ನು ಅಳೆಯಿರಿ. ಕರ್ಣ ಅಂದರೆ ಮೂಲೆಯಿಂದ ಎದುರು ಮೂಲೆಗಿರುವ ಉದ್ದ. ಎರಡೂ ಸಮ ಬಂದ ಮೇಲೆಯೇ ಮುಂದೆ ಹೋಗಿ. ಒಂದು ಮೂಲೆಯ ಎಲ್ಲ ಬದಿಯನ್ನೂ ಒಟ್ಟಿಗೆ ಮುಗಿಸಬೇಡಿ. ಮೂಲೆಯ ಹೊರಬದಿಗೆ ಹಾಕಿದ ಬೆಸುಗೆ ಕೋನವನ್ನು ತೆರೆಯುತ್ತದೆ, ಒಳಬದಿಯದು ಮುಚ್ಚುತ್ತದೆ. ಮೇಲ್ಮೈ ಬೆಸುಗೆ ಫ್ರೇಮನ್ನು ಮೇಲಕ್ಕೆ ಎತ್ತುತ್ತದೆ, ಕೆಳಮೈಯದು ಕೆಳಕ್ಕೆ. ಇದನ್ನು ತಿಳಿದುಕೊಂಡರೆ ಕ್ರಮ ತಾನಾಗಿಯೇ ಹೊಳೆಯುತ್ತದೆ. ಒಂದು ಮೂಲೆಯ ಹೊರಬದಿ, ಎದುರು ಮೂಲೆಯ ಹೊರಬದಿ, ಉಳಿದ ಎರಡರ ಹೊರಬದಿ, ಆಮೇಲೆ ಒಳಬದಿಗಳು. ಮೇಲ್ಮೈಯಲ್ಲಿ ಒಂದು ಹಾಕಿದರೆ ತಿರುಗಿಸಿ ಕೆಳಮೈಯಲ್ಲಿ ಒಂದು. ನಡುನಡುವೆ ಟೇಪು ಹಿಡಿಯಿರಿ.

ರೇಲಿಂಗಿನ ಕೈಹಿಡಿ ಪೈಪಿನ ಅಡಿಗೆ ಕಂಬಗಳನ್ನು ಕೂಡಿಸುವಾಗ ಎಲ್ಲ ಬೆಸುಗೆಯೂ ಒಂದೇ ಬದಿಗೆ ಬೀಳುತ್ತದೆ. ಪೈಪಿನ ತುದಿಗಳು ಬೆಸುಗೆಯ ಕಡೆಗೆ ಬಾಗುತ್ತವೆ. ಇಲ್ಲಿ ಮೊದಲೇ ಎದುರು ಬಾಗು ಕೊಟ್ಟು ಕ್ಲ್ಯಾಂಪ್ ಮಾಡುವುದು ಒಳ್ಳೆಯ ದಾರಿ. ಪೈಪಿಗೆ ಫ್ಲ್ಯಾಂಜ್ (ತುದಿಗೆ ಕೂರಿಸುವ ಬೋಲ್ಟ್ ತೂತಿನ ಬಳೆ) ಹಾಕುವುದಾದರೆ ಫ್ಲ್ಯಾಂಜನ್ನು ದಪ್ಪ ಪ್ಲೇಟಿಗೆ ಬೋಲ್ಟ್ ಮಾಡಿ, ಸುತ್ತನ್ನು ನಾಲ್ಕು ಭಾಗ ಮಾಡಿ, ಎದುರುಬದುರು ಭಾಗಗಳನ್ನು ಜೋಡಿಯಾಗಿ ಮುಗಿಸಿ.

ಹಂತ 8: ತಣಿಯಲು ಬಿಡಿ

ಒಂದು ಪದರದ ಮೇಲೆ ಇನ್ನೊಂದು ಹಾಕುವ ಮೊದಲು ಲೋಹ 150 ಡಿಗ್ರಿಗಿಂತ ಕೆಳಗೆ ಇಳಿದಿರಲಿ. ಅಳೆಯಲು ಇನ್‌ಫ್ರಾರೆಡ್ ಥರ್ಮಾಮೀಟರ್ ನಂಬಬೇಡಿ. ಹೊಳೆಯುವ ಎಸ್‌ಎಸ್ ಮೇಲೆ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಮುಟ್ಟಿಸಿ ಅಳೆಯುವ ಥರ್ಮಾಮೀಟರ್, ಇಲ್ಲವೇ ನಿಗದಿತ ಉಷ್ಣತೆಯಲ್ಲಿ ಕರಗುವ ಬಳಪ ಬಳಸಿ. ಬಳಪದ ಗೆರೆಯನ್ನು ಬೆಸುಗೆ ಬೀಳುವ ಜಾಗದಿಂದ ಆಚೆ ಎಳೆಯಿರಿ.

304, 316 ಬೇಗ ತಣಿದರೆ ಗಡುಸಾಗುವುದಿಲ್ಲ. ಹಾಗಾಗಿ ಬೆಸುಗೆ ನಿಲ್ಲಿಸಿದ ಮೇಲೆ ಗಾಳಿ ಊದಿ ಅಥವಾ ಒದ್ದೆ ಬಟ್ಟೆ ಇಟ್ಟು ತಣಿಸಬಹುದು. ಆದರೆ ಆರ್ಕ್ ಉರಿಯುತ್ತಿರುವಾಗ ಗಾಳಿ ಊದಿದರೆ ಆರ್ಗಾನ್ ಹಾರಿಹೋಗುತ್ತದೆ, ಜಾಯಿಂಟ್ ಒಳಗೆ ನೀರು ಉಳಿದರೆ ಮುಂದಿನ ಬೆಸುಗೆಯಲ್ಲಿ ತೂತು ಬೀಳುತ್ತದೆ. ಈ ಉಪಾಯ ಬೇರೆ ಗ್ರೇಡ್‌ಗಳಿಗೆ ಅಲ್ಲ. 410, 420ರಂಥ ಗಡುಸಾಗುವ ಗ್ರೇಡ್‌ಗಳು ಬಿರುಕು ಬಿಡುತ್ತವೆ.

ಕೈಯಲ್ಲಿ ಆರಾಮಾಗಿ ಮುಟ್ಟುವಷ್ಟು ತಣಿಯುವ ತನಕ ಕ್ಲ್ಯಾಂಪ್ ಬಿಚ್ಚಬೇಡಿ. ಎಳೆತ ಬರುವುದೇ ತಣಿಯುವಾಗ ಅಂತ ಮೊದಲೇ ನೋಡಿದೆವಲ್ಲ.

ಹಂತ 9: ಇಷ್ಟಾದರೂ ಸೊಟ್ಟಗಾದರೆ

ಶೀಟು ಉಬ್ಬಿದಾಗ ಕೈ ತಾನಾಗಿಯೇ ಸುತ್ತಿಗೆ ತೆಗೆದು ಉಬ್ಬಿಗೆ ಬಡಿಯುತ್ತದೆ. ಅದು ತಪ್ಪು. ಉಬ್ಬಿದ ಜಾಗದಲ್ಲಿ ಲೋಹ ಸರಿಯಾದ ಅಳತೆಯಲ್ಲೇ ಇದೆ, ಗಿಡ್ಡವಾಗಿರುವುದು ಬೆಸುಗೆ. ಉಬ್ಬನ್ನು ಬಡಿದರೆ ಅಲ್ಲಿ ಇನ್ನಷ್ಟು ಹಿಗ್ಗಿ ಉಬ್ಬು ಹೆಚ್ಚುತ್ತದೆ. ಬೆಸುಗೆಯ ಕೆಳಗೆ ಗಟ್ಟಿ ಅಡಿಗಲ್ಲು ಕೊಟ್ಟು, ಬೆಸುಗೆಯ ಮೇಲೇ ಸಣ್ಣ ಸಣ್ಣ ಪೆಟ್ಟು ಕೊಡುತ್ತಾ ಉದ್ದಕ್ಕೂ ಹೋಗಿ. ಬೆಸುಗೆ ಚಪ್ಪಟೆಯಾಗಿ ಹಿಗ್ಗಿದ ಹಾಗೆ ಉಬ್ಬು ಇಳಿಯುತ್ತದೆ. ನಾಲ್ಕು ಪೆಟ್ಟಿಗೊಮ್ಮೆ ಸ್ಕೇಲ್ ಇಟ್ಟು ನೋಡಿ, ಯಾಕೆಂದರೆ ಜಾಸ್ತಿ ಹಿಗ್ಗಿದರೆ ಎದುರು ದಿಕ್ಕಿಗೆ ತಿರುಗುತ್ತದೆ.

ಬಾಗಿದ ಟ್ಯೂಬನ್ನು ಪ್ರೆಸ್‌ನಲ್ಲಿ ತಣ್ಣಗೇ ಒತ್ತಿ ನೇರ ಮಾಡುವುದು ಒಳ್ಳೆಯದು. ಅದಾಗದಿದ್ದರೆ ಬೆಸುಗೆಯ ಎದುರು ಬದಿಯಲ್ಲಿ, ಕಣ್ಣಿಗೆ ಕಾಣದ ಕಡೆ, ಫಿಲ್ಲರ್ ಇಲ್ಲದೆ ಟಿಗ್‌ನಿಂದ ಒಂದು ಸಣ್ಣ ಗೆರೆ ಎಳೆಯಿರಿ. ಅದು ತಣಿದಾಗ ಟ್ಯೂಬನ್ನು ವಾಪಸ್ ಎಳೆಯುತ್ತದೆ. ಪೂರ್ತಿ ತಣಿಯದೆ ಎರಡನೇ ಗೆರೆ ಎಳೆಯಬೇಡಿ.

ಗ್ಯಾಸ್ ಕಟ್ಟರ್‌ನಿಂದ ಅಗಲವಾಗಿ ಕೆಂಪಗೆ ಕಾಯಿಸಿ ನೇರ ಮಾಡುವ ಎಂಎಸ್ ಪದ್ಧತಿ ಇಲ್ಲಿ ಬೇಡ. 425ರಿಂದ 850 ಡಿಗ್ರಿ ನಡುವೆ ಹೆಚ್ಚು ಹೊತ್ತು ಇದ್ದರೆ ಕ್ರೋಮಿಯಂ ಇಂಗಾಲದ ಜೊತೆ ಸೇರಿಬಿಡುತ್ತದೆ, ತುಕ್ಕು ತಡೆಯುವ ಶಕ್ತಿ ಅಲ್ಲಿ ಹೋಗುತ್ತದೆ. 304ಎಲ್, 316ಎಲ್‌ನಲ್ಲಿ ಇಂಗಾಲ 0.03 ಶೇಕಡಾಕ್ಕೆ ಮಿತಿ ಇರುವುದರಿಂದ ಅವು ಸ್ವಲ್ಪ ತಡೆದುಕೊಳ್ಳುತ್ತವೆ.

ಬಡಿಯಲು ಎಸ್‌ಎಸ್ ಸುತ್ತಿಗೆ ಅಥವಾ ಎಂಎಸ್ ಮುಟ್ಟದ ನುಣುಪು ಮುಖದ ಸುತ್ತಿಗೆ ಇರಲಿ. ಸಾಮಾನ್ಯ ಸುತ್ತಿಗೆಯಲ್ಲೇ ಬಡಿದಿದ್ದರೆ ಆ ಜಾಗವನ್ನು, ಎಳೆದ ಗೆರೆಯ ಬಣ್ಣವನ್ನು ಪಿಕ್ಲಿಂಗ್ ಪೇಸ್ಟ್ (ಕಲೆ, ಕಬ್ಬಿಣದ ಕಣ ಕರಗಿಸುವ ಆಮ್ಲದ ಲೇಪ) ಹಚ್ಚಿ ತೆಗೆಯಿರಿ. ಆ ಪೇಸ್ಟಿನಲ್ಲಿ ಸಾಮಾನ್ಯವಾಗಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ, ಚರ್ಮದೊಳಗೆ ಇಳಿದು ಮೂಳೆಯ ತನಕ ಹಾನಿ ಮಾಡಬಲ್ಲದು. ಆಮ್ಲ ತಡೆಯುವ ಗ್ಲೌಸ್, ಮುಖಕ್ಕೆ ಶೀಲ್ಡ್ ಹಾಕಿಕೊಂಡೇ ಮುಟ್ಟಿ. ಚರ್ಮಕ್ಕೆ ತಾಗಿದರೆ ನೋವಿಲ್ಲ ಅಂತ ಸುಮ್ಮನಿರದೆ ಕೂಡಲೇ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ, ಯಾವ ಆಮ್ಲ ಅಂತ ವೈದ್ಯರಿಗೆ ತಿಳಿಸಿ.